ಪಂಚಮಿಗೆ ಬಂದ ಅನಸೂಯಾ

ನಲವತ್ತಾರನೇ ವಯಸ್ಸಿಗೆ ಜೋಕಾಲಿ ಆಡಲು ಹೋಗಿ ಕಾಲು ಮುರಿದುಕೊಂಡವಳು ಅಂತ ತವರಿನ ಓಣಿಯಲ್ಲಿ ನನಗೀಗ ಹೆಸರು ಬಿದ್ದಿದೆ. ಸುಳ್ಳೇನಲ್ಲ. ನಾಗರಪಂಚಮಿಗೆ ಹೊಸಪೇಟೆಯಿಂದ ಭಾಗ್ಯನಗರಕ್ಕೆ ಹೋಗಿದ್ದೆ. ಕೊಪ್ಪಳದ ಮಗ್ಗುಲಿಗೇ ಇರುವ ನೇಕಾರರ ಊರು ಅದು. ನಡುವೆ ರೈಲು ಹಳಿ, ಅಷ್ಟೇ. ಹಿತ್ತಲಿನ ಬೇವಿನ ಮರಕ್ಕೆ ತಮ್ಮ ಹಗ್ಗ ಕಟ್ಟಿದ್ದ. ಎರಡು ಶೇಂಗಾ ಉಂಡಿ, ಒಂದು ಎಳ್ಳುಂಡಿ ತಿಂದು, ಸೆರಗು ಸಿಕ್ಕಿಸಿಕೊಂಡು ನಿಂತೇ ಜೀಕಿದೆ. ಮೂರನೇ ಜೀಕಿಗೆ ಹಲಗೆ ಜಾರಿತು. ಪಾದದ ಗಂಟಿನ ಹತ್ತಿರ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್.

ಬಾಣಂತನ ಬಿಟ್ಟರೆ ಮದುವೆಯಾದ ಮೇಲೆ ತವರಿನಲ್ಲಿ ಇಷ್ಟು ದಿನ ಒಟ್ಟಿಗೆ ಇದ್ದದ್ದೇ ಇಲ್ಲ. ಶಾಲೆಗೆ ರಜೆ ಹಾಕಿದ್ದೆ. ಬೆಳಿಗ್ಗೆ ವೈನಿ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹಿತ್ತಲ ಬಾಗಿಲಲ್ಲಿ ಹಾಕಿ, ಕಾಲಿಗೆ ಇನ್ನೊಂದು ಸ್ಟೂಲ್ ಕೊಟ್ಟು ಒಳಗೆ ಹೋಗುತ್ತಿದ್ದಳು. ಪಕ್ಕದಲ್ಲಿ ಅವ್ವ, ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಾ. ಎದುರಿಗೆ ದಾಸವಾಳ, ಕರಿಬೇವು, ಒಂದು ನಿಂಬೆ ಗಿಡ, ಬಟ್ಟೆ ಒಣಗಿಸುವ ತಂತಿ. ನೋಡಲು ಬೇರೇನೂ ಇರಲಿಲ್ಲ. ಹಾಗಾಗಿ ಜೇಡವನ್ನು ನೋಡಿದೆ.

ಮೊದಲು ಕಂಡಿದ್ದು ಜೇಡವೂ ಅಲ್ಲ. ದಾಸವಾಳಕ್ಕೂ ಕರಿಬೇವಿಗೂ ನಡುವೆ ಗಾಳಿಯಲ್ಲಿ ನಿಂತ ಒಂದು ಬಿಳಿ ಚುಕ್ಕೆ. ನಾಲ್ಕಾಣೆಯಷ್ಟು ಅಗಲ. ಯಾರೋ ಸುಣ್ಣದ ಬೆರಳಿನಿಂದ ಗಾಳಿಗೇ ಒತ್ತಿದ ಹಾಗೆ. ಕಣ್ಣು ಕಿರಿದು ಮಾಡಿ ನೋಡಿದರೆ ಅಂಕುಡೊಂಕು ನೂಲಿನ ಒಂದು ತಟ್ಟೆ. ಅದರ ನಡುವೆ ಹೆಸರುಕಾಳಿನಷ್ಟು ದೊಡ್ಡ ಹುಳ, ತಲೆ ಕೆಳಗೆ ಮಾಡಿ ಕುಳಿತಿತ್ತು. ತಟ್ಟೆಯ ಸುತ್ತ ತೆಳ್ಳಗಿನ ಬಲೆ. ಬಿಸಿಲು ಒಂದು ಕಡೆಯಿಂದ ಬಿದ್ದರೆ ಮಾತ್ರ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ.

ನನ್ನ ಮೊದಲ ಮಾತು ‘ಕಸಬರಿಗೆ ಎಲ್ಲಿದೆ?’ ಅಂತ. ಹೊಸಪೇಟೆಯ ಮನೆಯಲ್ಲಿ ಪ್ರತಿ ಭಾನುವಾರ ಉದ್ದ ಕೋಲಿನ ಪೊರಕೆ ಹಿಡಿದು ಮೂಲೆ ಮೂಲೆ ಗುಡಿಸುವವಳು ನಾನು.

“ಹೊಡಿಬ್ಯಾಡ. ಕಾಳಹಸ್ತಿಗೆ ಹೋಗಿ ಬಂದಾಕಿ ನಾನು” ಅಂದಳು ಅವ್ವ.

ಆ ಕಥೆ ನಮ್ಮ ಕಡೆ ತಿರುಪತಿಗೆ ಹೋಗಿ ಬಂದವರಿಗೆಲ್ಲ ಗೊತ್ತು. ಶ್ರೀ ಅಂದ್ರೆ ಜೇಡ, ಕಾಳ ಅಂದ್ರೆ ಹಾವು, ಹಸ್ತಿ ಅಂದ್ರೆ ಆನೆ. ಮೂರೂ ಶಿವನನ್ನು ಪೂಜಿಸಿದವು. ಜೇಡ ಲಿಂಗದ ಮೇಲೆ ಬಲೆ ನೇಯ್ದು ಚಪ್ಪರ ಹಾಕಿತು. ಹಾಗಾಗಿ ಕಸಬರಿಗೆ ಬರಲಿಲ್ಲ. ಅಲ್ಲಿಂದ ದಸರಾ ಹತ್ತಿರ ಬರುವ ತನಕ ಆ ಹುಳ ನಮ್ಮನೆಯ ಒಬ್ಬಳಾಯಿತು.

ಹೆಸರು ಹುಡುಕಿದ್ದು ತಮ್ಮನ ಮಗ. ಒಂಬತ್ತು ವರ್ಷದ ಪೋರ. ಮೊಬೈಲಿನಲ್ಲಿ ‘ಗಾರ್ಡನ್ ಸ್ಪೈಡರ್’ ಅಂತ ಹೊಡೆದರೆ ಮೊದಲು ಬಂದಿದ್ದು ಯುರೋಪಿನ ತೋಟದ ಜೇಡ. ಕಂದು ಬಣ್ಣ, ಬೆನ್ನ ಮೇಲೆ ಬಿಳಿ ಚುಕ್ಕೆಗಳ ಶಿಲುಬೆ. ನಮ್ಮದು ಅದಲ್ಲ. ನಮ್ಮದರ ಮೈ ಮೇಲೆ ಹಳದಿ, ಬೆಳ್ಳಿ, ಕಂದು ಪಟ್ಟಿ. ಫೋಟೋ ಹಾಕಿ ಹುಡುಕಿದಾಗ ‘ಸಿಗ್ನೇಚರ್ ಸ್ಪೈಡರ್’ ಅಂತ ಬಂತು. ಬಲೆಯ ನಡುವೆ ದಪ್ಪ ನೂಲಿನಲ್ಲಿ ಸಹಿ ಹಾಕಿದ ಹಾಗೆ ಅಂಕುಡೊಂಕು ಗೆರೆ ಎಳೆಯುತ್ತದೆ, ಅದಕ್ಕೆ ಆ ಹೆಸರು. ನಮ್ಮ ದೇಶದಲ್ಲಿ ಇದರ ಹಲವು ಜಾತಿಗಳಿವೆ. ನಮ್ಮದಕ್ಕೆ ಹೊಂದುವ ಹಾಗೆ ಕಂಡಿದ್ದು ಆರ್ಜಿಯೋಪ್ ಅನಸುಜ. ಸ್ವೀಡನ್ನಿನ ಥೊರೆಲ್ ಎಂಬ ವಿಜ್ಞಾನಿ 1887ರಲ್ಲಿ ಇಟ್ಟ ಹೆಸರು.

ಅನಸುಜ! ಎಂಥ ಹೆಸರಪ್ಪ ಅಂದುಕೊಂಡೆ. ಆಮೇಲೆ ಹೊಳೆಯಿತು. ಸ್ವೀಡನ್ನಿನವರು ‘ಜೆ’ ಅಕ್ಷರ ಬರೆದು ‘ಯ’ ಅಂತ ಓದುತ್ತಾರೆ. ಅಂದರೆ ಇದು ನಮ್ಮ ಅನಸೂಯೆಯೇ ಇರಬೇಕು ಅನ್ನೋದು ನನ್ನ ಗುಮಾನಿ. ಕನ್ನಡ ಟೀಚರ್ ಬುದ್ಧಿ, ಬಿಡಿ. ಅವ್ವನಿಗೆ ಹೇಳಿದೆ. ಅತ್ರಿ ಋಷಿಯ ಹೆಂಡತಿ, ಮಹಾ ಪತಿವ್ರತೆ, ಹೊಟ್ಟೆಕಿಚ್ಚಿಲ್ಲದವಳು. ಅವ್ವ ಕೈ ಮುಗಿದಳು. ಅಂದಿನಿಂದ ಅದು ‘ಅದು’ ಅಲ್ಲ, ‘ಅಕಿ’.

ಅಕಿ ನೇಯುವುದನ್ನು ನೋಡಬೇಕಂದರೆ ಕತ್ತಲಲ್ಲೇ ಏಳಬೇಕು. ಪ್ಲಾಸ್ಟರ್ ಕಾಲಿನ ಕೆರೆತಕ್ಕೆ ನನಗೆ ನಾಲ್ಕಕ್ಕೇ ಎಚ್ಚರ ಆಗುತ್ತಿತ್ತು. ಅವ್ವನಿಗೂ ನಿದ್ದೆ ಕಮ್ಮಿ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿ ಇಬ್ಬರೂ ಕೂರುತ್ತಿದ್ದೆವು.

ಮೊದಲು ಒಂದು ಎಳೆಯನ್ನು ಗಾಳಿಗೆ ಬಿಡುತ್ತದೆ. ಆಚೆಯ ಕೊಂಬೆಗೆ ಸಿಕ್ಕಿಕೊಂಡರೆ ಆಯಿತು, ಅದೇ ಸೇತುವೆ. ಒಮ್ಮೆ ಸೇತುವೆ, ಚೌಕಟ್ಟು ಆದರೆ ಪದೇ ಪದೇ ಹೊಸದು ಹಾಕುವುದಿಲ್ಲ, ಇದ್ದದ್ದನ್ನೇ ಬಳಸುತ್ತದೆ. ಆಮೇಲೆ ನಡುವಿನಿಂದ ಅಂಚಿಗೆ ಬಂಡಿ ಗಾಲಿಯ ಅರಗಳ ಹಾಗೆ ಎಳೆಗಳು. ಇವಕ್ಕೆ ಅಂಟಿಲ್ಲ. ಅದಾದ ಮೇಲೆ ನಡುವಿನಿಂದ ಹೊರಗೆ ದೂರ ದೂರ ಸುತ್ತು ಹಾಕುತ್ತಾ ಬರುತ್ತದೆ. ಇದಕ್ಕೂ ಅಂಟಿಲ್ಲ. ಇದು ಓಡಾಡಲು ಕಟ್ಟಿದ ಸೆಂಟ್ರಿಂಗ್. ಅಂಚು ಮುಟ್ಟಿದ ಮೇಲೆ ತಿರುಗಿ ಒಳಗೆ ಬರುವಾಗ ಅಂಟಿನ ನೂಲು ಬಿಗಿಯುತ್ತದೆ, ತೀರ ಒತ್ತೊತ್ತಾಗಿ. ಸೆಂಟ್ರಿಂಗ್ ನೂಲನ್ನು ಬಿಚ್ಚುತ್ತಾ, ಅಂಟಿನ ನೂಲನ್ನು ಕಟ್ಟುತ್ತಾ. ಒಂದು ಕಾಲಿನಿಂದ ಹಿಂದಿನ ಸುತ್ತನ್ನು ಮುಟ್ಟಿ ಅಳತೆ ನೋಡುತ್ತದೆ, ಹಿಂದಿನ ಕಾಲಿನಿಂದ ನೂಲನ್ನು ಎಳೆದು ಅರಕ್ಕೆ ಒತ್ತುತ್ತದೆ, ಮುಂದಿನ ಅರಕ್ಕೆ ದಾಟುತ್ತದೆ. ಕಣ್ಣಿನ ಕೆಲಸ ಇಲ್ಲವೇ ಇಲ್ಲ. ಎಂಟು ಕಣ್ಣಿದ್ದರೂ ಅಕಿಗೆ ದೃಷ್ಟಿ ಅಷ್ಟಕ್ಕಷ್ಟೆ. ಎಲ್ಲವೂ ಕಾಲಿನ ಲೆಕ್ಕ. ಒಂದು ತಾಸಿನ ಒಳಗೆ ಬಲೆ ಮುಗಿದಿರುತ್ತಿತ್ತು.

“ಅರ ಅಂದಿಯಲ್ಲ, ಅದು ಹಾಸು. ಸುತ್ತು ಅಂದಿಯಲ್ಲ, ಅದು ಹೊಕ್ಕು” ಅಂದಳು ಅವ್ವ. “ಲಾಳಿ ಇಲ್ಲ, ಹಣಿಗಿ ಇಲ್ಲ. ತಾನ ಲಾಳಿ, ತಾನ ಕಂಡಿಕಿ.”

ನನಗೆ ಗೊತ್ತಿದ್ದ ಅವ್ವ ಜೋಳದ ರೊಟ್ಟಿ ಬಡಿಯುವವಳು, ಲೆಕ್ಕದ ವಹಿ ಬರೆಯುವವಳು, ಮೊಮ್ಮಗನ ಹೋಮ್‌ವರ್ಕ್ ಕಾಯುವವಳು. ಮಗ್ಗದ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಅಜ್ಜನ ಕುಣಿಮಗ್ಗ ನಾನು ಹುಟ್ಟುವ ಮೊದಲೇ ಹೋಗಿತ್ತು. ಅದಿದ್ದ ಕುಣಿಯನ್ನು ಮುಚ್ಚಿ ಮೇಲೆ ಬಂಡೆ ಹಾಸಿದ್ದಾರೆ. ಪಡಸಾಲೆಯಲ್ಲಿ ಆ ಒಂದು ಬಂಡೆ ಮಾತ್ರ ಬೇರೆ ಬಣ್ಣ. ನಾನು ಅದರ ಮೇಲೆ ಕುಂಟಬಿಲ್ಲೆ ಆಡಿದ್ದೇನೆ, ಕೇಳಿದ್ದು ಮಾತ್ರ ಇಲ್ಲ.

ಈಗ ಒಂದೊಂದೇ ಹೇಳತೊಡಗಿದಳು. ಏಳನೇ ವಯಸ್ಸಿಗೆ ರಾಟಿಯ ಮುಂದೆ ಕೂರಿಸಿ ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತಲು ಹಚ್ಚಿದ್ದು. ಹಾಸನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಕತ್ತಲಿರುವಾಗಲೇ ಗಂಜಿ ಹಚ್ಚುತ್ತಿದ್ದದ್ದು. ಬಿಸಿಲು ಏರುವ ಮೊದಲು ಮುಗಿಸಬೇಕು, ಇಲ್ಲದಿದ್ದರೆ ಗಂಜಿ ಬೇಗ ಒಣಗಿ ಎಳೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. “ನಾವೂ ಇದ ಹೊತ್ತಿಗೆ ಏಳ್ತಿದ್ವಿ” ಅಂದಳು, ಅಕಿಯ ಕಡೆ ಕೈ ತೋರಿಸಿ.

ಕನ್ನಡದಲ್ಲಿ ಜೇಡ ಅಂದರೆ ಹುಳವೂ ಹೌದು, ನೇಕಾರನೂ ಹೌದು. ಜೇಡರ ದಾಸಿಮಯ್ಯ ಅಂತ ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ರಾಮನಾಥ ಅಂಕಿತದ ವಚನಕಾರ, ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ಕಸುಬು ನೇಯ್ಗೆ. ಒಬ್ಬ ಹುಡುಗ ಪ್ರತಿ ಸಲ ಕೇಳುತ್ತಾನೆ, ‘ಟೀಚರ್, ಅವರಿಗೆ ಜೇಡ ಅಂತ ಯಾಕೆ ಅಂತಾರೆ?’ ನಾನು ‘ನೇಯುವವರಿಗೆ ಹಾಗಂತಾರೆ’ ಅಂತ ಮುಂದೆ ಹೋಗುತ್ತೇನೆ. ಇಷ್ಟು ವರ್ಷ ಆ ಉತ್ತರ ಸಾಕಾಗಿತ್ತು.

ಆಶ್ಲೇಷ ಮುಗಿದು ಮಘಾ ಮಳೆ ಹಿಡಿದಾಗ ಒಂದು ಬೆಳಿಗ್ಗೆ ಪೋರ ಕೂಗಿಕೊಂಡ. “ಅತ್ತೀ, ಅನಸೂಯಾ ಸತ್ತಾಳ!” ಕುಂಟುತ್ತಾ ಹೋದೆ. ಬಲೆಯಲ್ಲಿ ಒಣಗಿದ ಹುಳ ನೇತಾಡುತ್ತಿತ್ತು. ಕಾಲುಗಳೆಲ್ಲ ಇದ್ದವು, ಒಳಗೆ ಮಾತ್ರ ಏನೂ ಇಲ್ಲ. ಅದರ ಒಂದು ಗೇಣು ಮೇಲೆ ಅಕಿ, ಮಾಸಲು ಬಣ್ಣದಲ್ಲಿ, ಕಾಲು ಜೋತುಬಿಟ್ಟುಕೊಂಡು ಸುಸ್ತಾದವಳ ಹಾಗೆ ಇದ್ದಳು. ಪೊರೆ ಬಿಟ್ಟಿದ್ದಳು ಅಷ್ಟೇ. ಜೇಡಕ್ಕೆ ಎಲುಬು ಮೈ ಹೊರಗೆ, ಚಿಪ್ಪಿನ ಹಾಗೆ. ಚಿಪ್ಪು ಬೆಳೆಯುವುದಿಲ್ಲ, ಹಾಗಾಗಿ ಬೆಳೆಯಬೇಕಾದಾಗ ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅಕಿ ಯಾರಿಗಾದರೂ ತುತ್ತು. ಮರಿಯಿದ್ದಾಗ ಕಾಲು ಕಳೆದುಕೊಂಡಿದ್ದರೆ ಪೊರೆ ಬಿಡುವಾಗ ಹೊಸದು ಮೂಡುತ್ತದೆ, ಮೊದಲು ಸಣ್ಣದಾಗಿ. ಇದನ್ನು ಓದಿದಾಗ ನನ್ನ ಪ್ಲಾಸ್ಟರ್ ಕಡೆ ನೋಡಿಕೊಂಡೆ. ಹೊಟ್ಟೆಕಿಚ್ಚು ಅನಸೂಯೆಗಿಲ್ಲ, ನನಗಿದೆ.

ಪೊರೆ ಬಿಟ್ಟ ಮೇಲೆ ಸಹಿಯೂ ಬದಲಾಯಿತು. ದುಂಡು ತಟ್ಟೆ ಹೋಗಿ ನಾಲ್ಕು ದಿಕ್ಕಿಗೆ ನಾಲ್ಕು ಅಂಕುಡೊಂಕು ಗೆರೆ, ಗುಣಿಸು ಚಿಹ್ನೆಯ ಹಾಗೆ. ಎಂಟು ಕಾಲುಗಳನ್ನು ಎರಡೆರಡು ಜೋಡಿಸಿ ಆ ಗೆರೆಗಳ ಸಾಲಿಗೇ ಇಟ್ಟು ಕೂರುತ್ತಿದ್ದಳು. ಈ ಸಹಿ ಯಾತಕ್ಕೆ ಅನ್ನುವ ಜಗಳ ವಿಜ್ಞಾನಿಗಳಲ್ಲಿ ನೂರು ವರ್ಷಕ್ಕೂ ಜಾಸ್ತಿ ನಡೆದಿದೆ. ಬಲೆಗೆ ಬಿಗಿ ಕೊಡಲು ಅಂದರು ಹಿಂದಿನವರು. ಅದು ನೇರಳಾತೀತ ಬೆಳಕನ್ನು ಎಸೆಯುತ್ತದೆ, ಹೂವು ಅಂತ ತಿಳಿದು ಹುಳ ಬರುತ್ತವೆ ಅಂದರು ಕೆಲವರು. ಹಕ್ಕಿಗಳು ಬಲೆಗೆ ನುಗ್ಗಿ ಹರಿಯದಿರಲಿ ಅಂತ ಇಟ್ಟ ಗುರುತು ಅಂದರು ಇನ್ನು ಕೆಲವರು. ಪೋರನ ವಾದ ಬೇರೆ: “ಇದು ಅಕಿ ಆಧಾರ್ ಕಾರ್ಡ್.”

ಬೇಟೆಯ ವಿಷಯದಲ್ಲಿ ಮಾತ್ರ ಅಕಿ ಪತಿವ್ರತೆಯ ಸೌಮ್ಯ ಏನೂ ಉಳಿಸಿಕೊಂಡಿರಲಿಲ್ಲ. ನೊಣ ಬಿದ್ದ ತಕ್ಷಣ ಒಂದು ಕ್ಷಣ ತಡೆಯುತ್ತಾಳೆ. ಅರದ ಎಳೆಗಳನ್ನು ಕಾಲಿನಿಂದ ಎಳೆದು ನೋಡುತ್ತಾಳೆ, ಯಾವ ಕಡೆ, ಎಷ್ಟು ಭಾರ ಅಂತ. ಆಮೇಲೆ ಓಟ. ಕಚ್ಚುವುದಿಲ್ಲ, ಮೊದಲು ಸುತ್ತುತ್ತಾಳೆ. ಹಿಂದಿನ ಕಾಲುಗಳಿಂದ ಅಗಲ ಪಟ್ಟಿಯಂತೆ ನೂಲನ್ನು ಎಸೆದೆಸೆದು, ಹುಳವನ್ನು ಕಂಡಿಕೆ ತಿರುಗಿಸಿದ ಹಾಗೆ ತಿರುಗಿಸುತ್ತಾಳೆ. ಎರಡು ನಿಮಿಷದಲ್ಲಿ ಬಿಳಿ ಪೊಟ್ಟಣ. ಆಮೇಲೆ ಕಚ್ಚು. ಮಿಡತೆ, ಜೇನ್ನೊಣದಂಥವು ಒದ್ದರೂ ಚುಚ್ಚಿದರೂ ಅಕಿಗೆ ತಾಗುವುದಿಲ್ಲ. ಚಿಟ್ಟೆ ಬಿದ್ದಾಗ ಮಾತ್ರ ನಿಯಮ ಉಲ್ಟಾ. ಚಿಟ್ಟೆಯ ರೆಕ್ಕೆಯ ಪುಡಿ ಅಂಟಿಗೆ ಮೆತ್ತಿಕೊಂಡು ಅದು ಜಾರಿಹೋಗುತ್ತದಲ್ಲ, ಹಾಗಾಗಿ ಮೊದಲು ಕಚ್ಚು, ಆಮೇಲೆ ಸುತ್ತು. ತಿನ್ನುವುದೂ ನಮ್ಮ ಹಾಗಲ್ಲ. ಹೊಟ್ಟೆಯ ರಸವನ್ನು ಬೇಟೆಯ ಮೇಲೆ ಬಿಟ್ಟು, ಅದು ಕರಗಿದ ಮೇಲೆ ಹೀರುವುದು.

ಹತ್ತಿರ ಹೋಗಿ ಊದಿದರೆ ಬಲೆಯನ್ನೇ ಹಿಡಿದು ಹಿಂದೆ ಮುಂದೆ ಜೀಕುತ್ತಿದ್ದಳು. ಎಷ್ಟು ಜೋರು ಅಂದ್ರೆ ಹುಳ ಹೋಗಿ ಬರೀ ಮಸುಕು ಉಳಿಯುತ್ತಿತ್ತು. ಹೆದರಿದಾಗಿನ ಉಪಾಯ ಅದು. ನನಗಿಂತ ಚೆನ್ನಾಗಿ ಜೀಕುತ್ತಾಳೆ ಅಂತ ವೈನಿ ನಕ್ಕಿದ್ದೇ ನಕ್ಕಿದ್ದು.

ಪಕ್ಕದ ಮನೆಯವರು ಒಮ್ಮೆ ಬಂದು ಹೇಳಿದರು, “ಜ್ಯಾಡ ಉಚ್ಚಿ ಹೊಯ್ದರ ಮೈಯಾಗ ಬೊಬ್ಬಿ ಏಳ್ತಾವ, ತಗಸ್ರಿ ಅದನ್ನ.” ಈ ಮಾತು ಕೇಳದ ಮನೆ ನಮ್ಮಲ್ಲಿಲ್ಲ. ಮಳೆಗಾಲದಲ್ಲಿ ಕತ್ತಿನ ಮೇಲೆ ಗೆರೆ ಎಳೆದ ಹಾಗೆ ಉರಿಯುವ ಬೊಬ್ಬೆ ಏಳುವುದು ನಿಜ. ಅದನ್ನು ಹೆಚ್ಚಾಗಿ ಮಾಡುವುದು ದೀಪಕ್ಕೆ ಬರುವ ಒಂದು ಸಣ್ಣ ಕೆಂಪು-ಕಪ್ಪು ಜೀರುಂಡೆ. ಮೈ ಮೇಲೆ ಕೂತಾಗ ನಾವು ಹೊಸಕುತ್ತೇವೆ, ಅದರ ರಸ ಚರ್ಮ ಸುಡುತ್ತದೆ. ಕೆಲವೊಮ್ಮೆ ಅದು ಸರ್ಪಸುತ್ತು. ಕೆಟ್ಟ ಹೆಸರು ಮಾತ್ರ ಜೇಡಕ್ಕೆ. ಅನಸೂಯೆಯಂಥ ಜೇಡ ಅಪರೂಪಕ್ಕೆ ಕಚ್ಚಿದರೂ ಜೇನು ಚುಚ್ಚಿದಷ್ಟು ನೋವು, ಅದಕ್ಕಿಂತ ಜಾಸ್ತಿ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಅಕಿ ಬಲೆಯನ್ನು ದಿನಾ ತಿನ್ನುತ್ತಿದ್ದಳು.

ಇದನ್ನು ನಂಬಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಹೊಸದು ನೇಯುವ ಮೊದಲು ಹಳೆಯ ಅಂಟಿನ ನೂಲನ್ನು ಕಾಲಿನಿಂದ ಬಾಚಿ ಬಾಚಿ ಉಂಡೆ ಮಾಡಿ ಬಾಯಿಗೆ ಹಾಕುತ್ತಾಳೆ. ಬೆಳಗಿನ ಹೊತ್ತು ಹೊಳೆಯುವ ಬಲೆ ಸಂಜೆಗೆ ಮಂಕು. ನಮ್ಮಲ್ಲಿ ಧೂಳು ಕೇಳಬೇಕೇ? ಮಳೆ ನಾಲ್ಕು ದಿನ ಬಿಟ್ಟರೆ ದಾಸವಾಳದ ಎಲೆ ಮೇಲೆ ಹೆಸರು ಬರೆಯಬಹುದು. ಅಂಟು ಅಂದರೆ ನೂಲಿನ ಮೇಲೆ ಮಣಿ ಪೋಣಿಸಿದ ಹಾಗೆ ಇರುವ ಸಣ್ಣ ಸಣ್ಣ ಹನಿಗಳು. ಧೂಳು ಕೂತರೆ ಅವು ಕೆಲಸಕ್ಕೆ ಬರುವುದಿಲ್ಲ. ಹಾಗಂತ ನೂಲನ್ನು ಎಸೆಯಲೂ ಆಗುವುದಿಲ್ಲ, ಅದೆಲ್ಲ ಪ್ರೋಟೀನು, ಮೈಯಿಂದ ಬಸಿದದ್ದು. ವಿಜ್ಞಾನಿಗಳು ನೂಲಿಗೆ ವಿಕಿರಣದ ಗುರುತು ಹಾಕಿ, ಯುರೋಪಿನ ತೋಟದ ಜೇಡ ಅದನ್ನು ತಿಂದ ಮೇಲೆ ನೋಡಿದರು. ಹೊಸ ಬಲೆಯಲ್ಲಿ ಆ ಗುರುತಿನ ಬಹುಪಾಲು ಮತ್ತೆ ಕಾಣಿಸಿತು. ಅರ್ಧ ತಾಸಿನೊಳಗೇ ಹಳೆ ನೂಲು ಹೊಸ ನೂಲಾಗಬಲ್ಲದು.

ಅವ್ವನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ನಿದ್ದಳು. ಕೈಯಲ್ಲಿದ್ದ ಜೋಳ ಕೈಯಲ್ಲೇ ಇತ್ತು.

“ನಮ್ಮಪ್ಪಗ ಹಿಂಗ ನೂಲು ಹೊಳ್ಳಿ ಸಿಗೂವಂಗ ಇದ್ದಿದ್ರ ಮಗ್ಗ ಉಳೀತಿತ್ತು” ಅಂದಳು.

ಆಮೇಲೆ ಗೊತ್ತಾಯಿತು. ನೂಲು ಸಾಹುಕಾರನದು. ಸೀರೆ ನೇಯ್ದು ಕೊಟ್ಟರೆ ಕೂಲಿ. ಒಂದು ಮಳೆಗಾಲ ಮಾಳಿಗೆ ಸೋರಿ, ಮಗ್ಗದ ಮೇಲಿದ್ದ ಹಾಸು ಪೂರ್ತಿ ನೆನೆದು ಬಣ್ಣ ಬಿಟ್ಟಿತು. ಅಜ್ಜ ಅದರ ದುಡ್ಡು ಕಟ್ಟಿಕೊಡಬೇಕಾಯಿತು. ಕಟ್ಟುತ್ತಾ ಕಟ್ಟುತ್ತಾ ಮಗ್ಗ ಹೋಯಿತು. ಅವ್ವನಿಗೆ ಆಗ ಹನ್ನೆರಡು. “ಹಾಳಾದ ಹಾಸು ನಮ್ಮ ಮನ್ಯಾಗ ಭಾಳ ವರ್ಷ ಇತ್ತು. ಹಗ್ಗ ಹೊಸೆದು ಹೊಸೆದು ಖಾಲಿ ಮಾಡಿದ್ವಿ. ನಿಮ್ಮ ತೊಟ್ಟಲ ಹಗ್ಗನೂ ಅದರದ.” ಇದನ್ನು ಹೇಳಿ ಮತ್ತೆ ಜೋಳಕ್ಕೆ ಕೈ ಹಾಕಿದಳು. ನನ್ನ ತೊಟ್ಟಿಲಿನ ಹಗ್ಗ ಯಾವ ಬಣ್ಣ ಇತ್ತು ಅಂತ ಕೇಳಿದೆ. ಕೆಂಪು, ಅಂದಳು.

ಹುಬ್ಬಾ ಮಳೆಯ ಹೊತ್ತಿಗೆ ಬಲೆಯ ಮೂಲೆಯಲ್ಲಿ ಇನ್ನೊಂದು ಹುಳ ಕಂಡಿತು. ಕಂದು ಬಣ್ಣ, ಕಡ್ಡಿಯಂಥ ಕಾಲು, ಅಕಿಯ ಮುಂದೆ ಎಲ್ಲಿಗೂ ಸಾಲದು. ಯಾವುದೋ ಮರಿ ಅಂದುಕೊಂಡೆ. ಗಂಡು ಅದು. ಎರಡು ದಿನ ಅಂಚಿನಲ್ಲೇ ಕುಳಿತಿದ್ದ. ಒಳಗೆ ಬರುವ ಧೈರ್ಯ ಇಲ್ಲ, ಬಿಟ್ಟು ಹೋಗುವ ಮನಸ್ಸಿಲ್ಲ. ಮೂರನೇ ದಿನ ಒಂದು ಎಳೆ ಕಟ್ಟಿ ಅದನ್ನು ಮಿಡಿಯತೊಡಗಿದ, ಏಕತಾರಿ ಮೀಟಿದ ಹಾಗೆ. ನಾನು ಊಟದ ಹುಳ ಅಲ್ಲ, ನೋಡಿ ಹೆಜ್ಜೆ ಇಡ್ತೀನಿ ಅಂತ ಹೇಳುವ ಭಾಷೆ ಅದು. ಜೇಡದ ಗಂಡಿಗೆ ಬಾಯಿಯ ಹತ್ತಿರ ಎರಡು ಕಿರುಗೈ ಇರುತ್ತವೆ. ಬೀಜವನ್ನು ಅವುಗಳಲ್ಲಿ ತುಂಬಿಕೊಂಡು ಬಂದು ಹೆಣ್ಣಿಗೆ ಸೇರಿಸುತ್ತಾನೆ. ಇದೇ ಕುಲದ ಅಮೆರಿಕದ ಒಂದು ಜಾತಿಯಲ್ಲಿ ಎರಡನೇ ಕೈ ಸೇರಿಸುತ್ತಿದ್ದಂತೆ ಗಂಡು ಅಲ್ಲೇ ತಾನಾಗಿಯೇ ಸಾಯುತ್ತಾನೆ, ಹೆಣ್ಣು ಮುಟ್ಟಬೇಕಂತಲೂ ಇಲ್ಲ. ನಮ್ಮವನದು ಹೇಗಾಯಿತೋ ನಾನು ನೋಡಲಿಲ್ಲ, ಮಧ್ಯಾಹ್ನದ ನಿದ್ದೆ ಹತ್ತಿತ್ತು. ಎದ್ದಾಗ ಬಲೆಯ ನಡುವೆ ಒಂದು ಸಣ್ಣ ಬಿಳಿ ಪೊಟ್ಟಣ ಇತ್ತು, ಮೂಲೆ ಖಾಲಿ.

“ಇಕಿಗೆ ಅನಸೂಯಾ ಅಂತ ಹೆಸರಿಟ್ಟವ ಯಾರವ್ವಾ?” ಅಂದಳು ಅವ್ವ. ನಗು ತಡೆಯಲಾಗದೆ ಇಬ್ಬರೂ ಪ್ಲಾಸ್ಟರ್ ಅಲುಗುವಷ್ಟು ನಕ್ಕೆವು.

ಅದೇ ವಾರ ಪೋರ ಇನ್ನೊಂದು ವಿಷಯ ತಂದ. 1973ರಲ್ಲಿ ಅಮೆರಿಕದವರು ಸ್ಕೈಲ್ಯಾಬ್ ಅನ್ನುವ ಅಂತರಿಕ್ಷ ನಿಲ್ದಾಣಕ್ಕೆ ಎರಡು ಜೇಡ ಕಳಿಸಿದ್ದರಂತೆ, ಯುರೋಪಿನ ಶಿಲುಬೆ ಜೇಡ, ಹೆಸರು ಅರಬೆಲ್ಲಾ ಮತ್ತು ಅನಿತಾ. ಒಬ್ಬಳು ಶಾಲಾ ಹುಡುಗಿಯ ಪ್ರಯೋಗ. ಭಾರವೇ ಇಲ್ಲದ ಕಡೆ ಜೇಡ ಬಲೆ ಕಟ್ಟೀತೇ ಅಂತ. ಮೊದಮೊದಲು ಗೋಜಲು ಗೋಜಲಾಗಿ ಕಟ್ಟಿದವು, ಕೆಲವು ದಿನದಲ್ಲಿ ಹದಕ್ಕೆ ಬಂದವು. ಎರಡೂ ಬದುಕಿ ಉಳಿಯಲಿಲ್ಲ. ಅವ್ವ ಕೇಳಿದ್ದು ಒಂದೇ. “ಅಲ್ಲಿ ಯಾವ ನೊಣ ಬರ್ತೈತಂತ ನೇದಾವು ಅವು?”

ಉತ್ತರಿ ಮಳೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಕಾಲು ಬಾಡಿದ ಮೂಲಂಗಿಯ ಹಾಗಾಗಿತ್ತು. ಇತ್ತ ಅನಸೂಯೆಯ ಹೊಟ್ಟೆ ಹುಣಸೆ ಬೀಜಕ್ಕಿಂತ ದಪ್ಪ. ಒಂದು ರಾತ್ರಿ ಬಲೆ ಬಿಟ್ಟು ಎಲ್ಲಿಗೋ ಹೋದಳು. ಬೆಳಿಗ್ಗೆ ನೋಡಿದರೆ ನಿಂಬೆ ಗಿಡದ ಎಲೆಗಳ ಹಿಂದೆ ಮಾಸಿದ ಹಳದಿ ಬಣ್ಣದ ಚಪ್ಪಟೆ ಚೀಲ, ಹೆಬ್ಬೆಟ್ಟಿನ ಉಗುರಿನಷ್ಟು. ಸುತ್ತ ಎಳೆಗಳ ಬೇಲಿ. ಅಕಿ ಬಲೆಗೆ ಬಂದು ಕೂತಿದ್ದಳು, ಹೊಟ್ಟೆ ಸುಕ್ಕಾಗಿ. ಇಂಥ ಒಂದು ಚೀಲದಲ್ಲಿ ನೂರಾರು ಮೊಟ್ಟೆ ಇರುತ್ತವೆ. ಬಲೆಯ ನೂಲೇ ಬೇರೆ, ಚೀಲದ ನೂಲೇ ಬೇರೆ. ಇಂಥ ಜೇಡದ ಹೊಟ್ಟೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಗ್ರಂಥಿ, ಚೌಕಟ್ಟಿಗೆ ಒಂದು, ಅಂಟಿಗೆ ಒಂದು, ಸುತ್ತುವುದಕ್ಕೆ ಒಂದು, ಮೊಟ್ಟೆಗೆ ಒಂದು. ಇಳಕಲ್ ಸೀರೆಗೂ ಒಡಲಿಗೆ ಬೇರೆ ನೂಲು, ಸೆರಗಿಗೆ ಬೇರೆ ನೂಲು ಅಲ್ವಾ, ಹಾಗೆ.

ಈಗ ನನ್ನ ತಪ್ಪು ಹೇಳಬೇಕು.

ಮಹಾನವಮಿ ಮೊದಲು ಮನೆ ಸಾರಿಸಿ ಸುಣ್ಣ ಬಳಿಯುವ ಗದ್ದಲ. ಕಾಲು ಬಿಡುಗಡೆಯಾದ ಉಮೇದಿನಲ್ಲಿ ನಾನೂ ಕೈ ಹಾಕಿದೆ. ಮೊದಲು ಕಿಟಕಿಯ ಮೂಲೆಯಲ್ಲಿದ್ದ ಮಣ್ಣಿನ ಗೂಡನ್ನು ಒಡೆದೆ. ಒಳಗೆ ಹತ್ತು ಹನ್ನೆರಡು ಸಣ್ಣ ಜೇಡ ಒತ್ತೊತ್ತಾಗಿ ತುಂಬಿದ್ದವು. ಸತ್ತಿರಲಿಲ್ಲ, ಮುಟ್ಟಿದರೆ ಕಾಲು ನಡುಗುತ್ತಿತ್ತು. ಮಣ್ಣಿನ ಗೂಡು ಕಟ್ಟುವ ಕಣಜ ಜೇಡಗಳನ್ನು ಚುಚ್ಚಿ ಸೋಲಿಸಿ ತಂದು ತುಂಬಿ, ಜೊತೆಗೆ ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮರಿ ಹುಟ್ಟಿದ ಮೇಲೆ ತಾಜಾ ಊಟ. ಆ ನಡುಗುವ ಕಾಲುಗಳನ್ನು ನೋಡಿ ಮೈ ಜುಮ್ಮೆಂದಿತು. ಅದೇ ಗಾಬರಿಯಲ್ಲಿ ಹಿತ್ತಲಿಗೆ ಬಂದು ನಿಂಬೆ ಗಿಡದ ಕೆಳಗಿನ ಒಣ ಟೊಂಗೆಗಳನ್ನು ಕಸಬರಿಗೆಯಿಂದ ಬಡಿದೆ. ಕಸದ ಜೊತೆ ಚೀಲವೂ ಬಿತ್ತು.

ಪೋರ ಒಂದು ದಿನ ಪೂರ್ತಿ ನನ್ನ ಜೊತೆ ಮಾತು ಬಿಟ್ಟ. ಅವ್ವ ಏನೂ ಅನ್ನಲಿಲ್ಲ. ಕಸದಿಂದ ಚೀಲ ಆರಿಸಿ, ಕನ್ನಡಕ ಹಾಕಿಕೊಂಡು, ಅದರ ಬೇಲಿಯ ಎಳೆಗಳನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಹತ್ತಿಯ ದಾರ ತಂದು, ತುದಿಯನ್ನು ನಾಲಿಗೆಗೆ ಹಚ್ಚಿ ಹುರಿ ಮಾಡಿ, ಚೀಲವನ್ನು ಮುಟ್ಟದೆ ಅದರ ಬೇಲಿಗೆ ಮಾತ್ರ ಕೂಡಿಸಿ, ಎಲೆಯ ಹಿಂದೆ ಕಟ್ಟಿದಳು. ಗಂಟು ಕಾಣಲಿಲ್ಲ. ಎಪ್ಪತ್ನಾಲ್ಕು ವರ್ಷದ ಬೆರಳು. “ಎಳಿ ಹರದ್ರ ಹಿಂಗ ಕೂಡಸ್ತಿದ್ವಿ” ಅಂದಳು. ಹನ್ನೆರಡನೇ ವಯಸ್ಸಿಗೆ ಬಿಟ್ಟ ಕೆಲಸ ಅದು.

ಅನಸೂಯೆ ಚೀಲದ ಕಡೆ ತಿರುಗಿಯೂ ನೋಡಲಿಲ್ಲ. ಹಸ್ತಾ ಮಳೆಯಲ್ಲಿ ಅಕಿಯ ಬಲೆ ದಿನದಿಂದ ದಿನಕ್ಕೆ ಸಣ್ಣದಾಯಿತು. ಸಹಿಯ ನಾಲ್ಕು ಗೆರೆಯಲ್ಲಿ ಎರಡು, ಆಮೇಲೆ ಒಂದು, ಆಮೇಲೆ ಇಲ್ಲ. ಒಂದು ಕಾಲು ಎಲ್ಲೋ ಬಿದ್ದುಹೋಗಿತ್ತು. ಪೂರ್ತಿ ಬೆಳೆದ ಮೇಲೆ ಪೊರೆ ಬಿಡುವುದಿಲ್ಲ, ಹಾಗಾಗಿ ಆ ಕಾಲು ಮತ್ತೆ ಬರುವಂತಿರಲಿಲ್ಲ. ಇವುಗಳ ಆಯಸ್ಸೇ ಒಂದು ವರ್ಷದ ಆಸುಪಾಸು. ಒಂದು ಬೆಳಿಗ್ಗೆ ದಾಸವಾಳದ ಬುಡದಲ್ಲಿ ಅಂಗಾತ ಬಿದ್ದಿದ್ದಳು, ಕಾಲೆಲ್ಲ ಒಳಗೆ ಮುದುಡಿಕೊಂಡು. ಸತ್ತ ಜೇಡ ಯಾಕೆ ಹಾಗೆ ಮುದುಡುತ್ತದೆ ಅಂತ ಪೋರ ಕೇಳಿದ. ಜೇಡಕ್ಕೆ ಕಾಲು ಮಡಚಲು ಸ್ನಾಯು ಇದೆ, ಮುಖ್ಯ ಕೀಲುಗಳನ್ನು ಚಾಚಲು ಇಲ್ಲ. ಜೆಸಿಬಿಯ ತೋಳಿನ ಹಾಗೆ, ಮೈಯೊಳಗಿನ ದ್ರವವನ್ನು ಒತ್ತಿ ಚಾಚಬೇಕು. ಜೀವ ಹೋದರೆ ಒತ್ತಡ ಹೋಯಿತು, ಕಾಲು ಮಡಚಿಕೊಂಡವು. ಅದೇ ದಾಸವಾಳದ ಬುಡದಲ್ಲಿ ಪೋರ ಮಣ್ಣು ಮಾಡಿದ. ಆ ಹೊತ್ತಿಗೆ ಇರುವೆಗಳು ಆಗಲೇ ಸಾಲು ಹಿಡಿದಿದ್ದವು.

ದಸರಾ ರಜೆ ಮುಗಿಯುವುದಕ್ಕೆ ಎರಡು ದಿನ ಇತ್ತು. ನನ್ನ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದೆ. ಚಿತ್ತಿ ಮಳೆ ಒಂದು ರಾತ್ರಿ ಸುರಿದು, ಬೆಳಿಗ್ಗೆ ಬಿಸಿಲು ಬಿದ್ದಿತ್ತು. ವೈನಿ ಬಟ್ಟೆ ಹಾ‌ಕಲು ಹೋದವಳು ಅಲ್ಲಿಂದಲೇ ಕೂಗಿದಳು.

ಅವ್ವ ಕಟ್ಟಿದ ಚೀಲದಲ್ಲಿ ಒಂದು ಸಣ್ಣ ತೂತು. ಅದರಿಂದ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಹರಿದು ಬರುತ್ತಿದ್ದವು. ಮೊಟ್ಟೆ ಒಡೆದು ಅವು ಚೀಲದ ಒಳಗೇ ಕೆಲವು ದಿನ ಇದ್ದು, ಮೊದಲ ಪೊರೆಯನ್ನು ಅಲ್ಲೇ ಬಿಟ್ಟು, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಸಾರದ ಮೇಲೆ ಬದುಕಿ ಹೊರಗೆ ಬರುತ್ತವೆ. ಎಷ್ಟು ಅಂತ ಪೋರ ಎಣಿಸತೊಡಗಿದ, ನೂರ ಹತ್ತಕ್ಕೆ ಕೈ ಬಿಟ್ಟ. ನಿಂಬೆ ಗಿಡದ ತುದಿ ಹತ್ತಿದವು. ಅಲ್ಲಿಂದ ಎಳೆ ಹಿಡಿದು ತಂತಿಗೆ ಬಂದವು. ತಂತಿಯ ಮೇಲೆ ಅವ್ವನ ಕೆಂಪು ಸೆರಗಿನ ಸೀರೆ ಒಣಗುತ್ತಿತ್ತು. ಸೆರಗಿನ ಅಂಚಿನಲ್ಲಿ ಸಾಲಾಗಿ ನಿಂತು, ತುದಿಗಾಲ ಮೇಲೆ ಎದ್ದು, ಹಿಂಭಾಗ ಮೇಲೆತ್ತಿ, ಗಾಳಿಗೆ ನೂಲು ಬಿಟ್ಟವು. ಒಂದೊಂದೇ ಎದ್ದು ಹೋದವು.

1832ರಲ್ಲಿ ಡಾರ್ವಿನ್ ಹಡಗಿನಲ್ಲಿ ಹೋಗುವಾಗ, ದಡದಿಂದ ಅರವತ್ತು ಮೈಲಿ ದೂರದ ಸಮುದ್ರದಲ್ಲಿ, ಇಂಥ ಸಣ್ಣ ಜೇಡಗಳು ಸಾವಿರಗಟ್ಟಲೆ ಬಂದು ಹಡಗಿನ ಹಗ್ಗಗಳ ಮೇಲೆ ಇಳಿದಿದ್ದವಂತೆ. ಗಾಳಿ ಒಂದೇ ಅಲ್ಲ, ಗಾಳಿಯಲ್ಲಿರುವ ವಿದ್ಯುತ್ತಿನ ಸೆಳೆತವೂ ಅವನ್ನು ಎತ್ತಬಲ್ಲದು ಅಂತ 2018ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ತೋರಿಸಿದರು. ಗಾಳಿ ಬೀಸದ ಪೆಟ್ಟಿಗೆಯಲ್ಲೂ ಜೇಡ ತುದಿಗಾಲ ಮೇಲೆ ನಿಂತಿತು. ಇದನ್ನೆಲ್ಲ ಅವ್ವನಿಗೆ ಹೇಳಲು ಬಾಯಿ ತೆರೆದೆ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಬಿಸಿಲಿನ ಎದುರು ನೋಡುತ್ತಿದ್ದಳು. ಬೆಳಕಿನಲ್ಲಿ ಎಳೆಗಳು ಒಂದು ಕ್ಷಣ ಕಂಡು ಮಾಯವಾಗುತ್ತಿದ್ದವು.

“ಗಾಳಿ ಎತ್ತಾಗ ಐತಿ?” ಅಂದಳು.

“ಸ್ಟೇಷನ್ ಕಡೆ.”

“ಹಂಗಾದ್ರ ಕೊಪ್ಪಳಕ್ಕ ಹೊಂಟಾವು.”

ಮಧ್ಯಾಹ್ನ ಮತ್ತೆ ಮೋಡ ಕಟ್ಟಿತು. ವೈನಿ ಓಡಿ ಬಂದು ಬಟ್ಟೆ ತೆಗೆದಳು. ಅಂಗಿ, ಟವೆಲ್, ಪೋರನ ಚಡ್ಡಿ ಎಲ್ಲ ಒಳಗೆ ಬಂದವು. ಸೀರೆಗೆ ಕೈ ಹಾಕಿದಾಗ ಅವ್ವ ಬೇಡ ಅಂದಳು. ಸೆರಗಿನ ಮೇಲೆ ಇನ್ನೂ ಇಪ್ಪತ್ತು ಮೂವತ್ತು ಉಳಿದಿದ್ದವು. ಸೀರೆ ಆ ಮಳೆಯಲ್ಲಿ ನೆನೆಯಿತು, ಮರುದಿನ ಒಣಗಿತು, ನಾನು ಹೊಸಪೇಟೆ ಬಸ್ಸು ಹತ್ತುವಾಗಲೂ ತಂತಿಯ ಮೇಲೇ ಇತ್ತು.